ಯಂತ್ರಕ್ಕೆ ಬರೆದ ಸೂಚನೆ: ಸರಿಯಿದೆಯೆಂದು ತಿಳಿಯುವುದು ಹೇಗೆ?



ಸ್ಟುಡಿಯೋಗೆ ಮೊದಲ ಬಾರಿ ಮಾತನಾಡಲು ಬಂದವರಿಗೆ ನಾವು ಕೊಡುವ ಮೊದಲ ಸೂಚನೆ ಬಹಳ ಸರಳವಾದದ್ದು: "ಸ್ವಲ್ಪ ಎಡಕ್ಕೆ ಬನ್ನಿ." ಅವರು ಎಡಕ್ಕೆ ಸರಿಯುತ್ತಾರೆ. ಆದರೆ ನನ್ನ ಮುಂದಿರುವ ತೆರೆಯ ಮೇಲೆ ಅವರು ಬಲಕ್ಕೆ ಹೋಗಿಬಿಡುತ್ತಾರೆ. ಅವರು ಕ್ಯಾಮೆರಾಕ್ಕೆ ಎದುರಾಗಿ ಕುಳಿತಿದ್ದಾರಲ್ಲ! ಅವರ ಎಡ ನನ್ನ ಬಲ. ಎಲ್ಲರೂ ನಗುತ್ತೇವೆ, ಅವರು ಈ ಕಡೆಗೆ ಬರುತ್ತಾರೆ, ಧ್ವನಿಮುದ್ರಣ ಮುಂದುವರಿಯುತ್ತದೆ. ತಪ್ಪಾದದ್ದು ಅವರ ಕಿವಿಯಲ್ಲಲ್ಲ, ನನ್ನ ಮಾತಿನಲ್ಲಿ. ಆದರೂ ನಷ್ಟವೇನೂ ಆಗಲಿಲ್ಲ, ಏಕೆಂದರೆ ಇಬ್ಬರೂ ಒಂದೇ ಕೋಣೆಯಲ್ಲಿದ್ದೆವು, ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿತ್ತು.

ಈಗ ಹೀಗೆ ಊಹಿಸಿಕೊಳ್ಳಿ. ಸೂಚನೆಯನ್ನು ನೀವು ಕಾಗದದ ಮೇಲೆ ಬರೆದಿಟ್ಟು ಮನೆಗೆ ಹೋಗಿದ್ದೀರಿ. ಅದನ್ನು ಓದುವವರು ಬಹಳ ಚುರುಕು, ಬಹಳ ವಿಧೇಯರು, ದಣಿವೆಂಬುದೇ ಇಲ್ಲ. ಎಡಕ್ಕೆ ಎಂದರೆ ಎಡಕ್ಕೆ ಹೊರಟು ಗೋಡೆಯವರೆಗೆ ನಡೆದು, ಅಡ್ಡ ಬಂದ ಕುರ್ಚಿಯನ್ನು ಪಕ್ಕಕ್ಕೆ ತಳ್ಳಿ, "ಕೆಲಸ ಮುಗಿಯಿತು" ಎಂದು ಬರೆದಿಡುತ್ತಾರೆ. ಇಂಥವರೊಡನೆ ಕೆಲಸ ಮಾಡುವ ಕಾಲ ನಿಮ್ಮದಾಗಿದೆ. ಇಂದು ನಾನು ಹೇಳಬೇಕೆಂದಿರುವುದು ಇವರಿಗೆ ಸೂಚನೆ ಬರೆಯುವ ಬಗೆಯನ್ನಲ್ಲ. ಬರೆದ ಸೂಚನೆ ಒಳ್ಳೆಯದೋ ಅಲ್ಲವೋ ಎಂದು ತಿಳಿಯುವ ಬಗೆಯನ್ನು. ಎರಡನೆಯದು ಮೊದಲನೆಯದಕ್ಕಿಂತ ಕಷ್ಟ ಎಂಬುದು ನನಗೆ ತಡವಾಗಿ ಗೊತ್ತಾಯಿತು.

ಏಜೆಂಟ್ ಎಂದ ಕೂಡಲೆ ವಿಮೆ ಮಾಡಿಸಲು ಬರುವವರು ನೆನಪಾಗುವ ವಯಸ್ಸು ನನ್ನದು. ಇಲ್ಲಿ ಹೇಳುತ್ತಿರುವ ಏಜೆಂಟ್ ಬೇರೆ. ಕೃತಕ ಬುದ್ಧಿಮತ್ತೆಯ ಭಾಷಾ ಮಾದರಿಗಳ ವಿಷಯ ನೀವು ಕೇಳಿರುತ್ತೀರಿ. ಪ್ರಶ್ನೆ ಕೊಟ್ಟರೆ ಉತ್ತರವನ್ನು ಮಾತಿನಲ್ಲಿ ಕೊಡುವ ವ್ಯವಸ್ಥೆ ಅದು. ಅದಕ್ಕೆ ಕೈಕಾಲು ಬಂದರೆ ಏಜೆಂಟ್ ಆಗುತ್ತದೆ. ಎಂದರೆ, ನಿಮ್ಮ ಕಂಪ್ಯೂಟರಿನಲ್ಲಿರುವ ಕಡತಗಳನ್ನು ತೆರೆದು ಓದಲು, ಪ್ರೋಗ್ರಾಂ ಬರೆಯಲು, ಅದನ್ನು ಓಡಿಸಿ ನೋಡಲು, ತಪ್ಪು ಬಂದರೆ ತಿದ್ದಿ ಮತ್ತೆ ಓಡಿಸಲು ಅದಕ್ಕೆ ಅನುಮತಿ ಇರುತ್ತದೆ. 2025ರ ಹೊತ್ತಿಗೆ ಕ್ಲಾಡ್ ಕೋಡ್, ಕೋಡೆಕ್ಸ್ ಮುಂತಾದ ಇಂಥ ಏಜೆಂಟ್‌ಗಳು ಸಾಕಷ್ಟು ಬಳಕೆಗೆ ಬಂದವು. ಪ್ರತಿಸಲವೂ ಹೇಳಿದ್ದನ್ನೇ ಹೇಳುವ ಬದಲು, ಕೆಲಸದ ಕಡತಗಳ ಜೊತೆಗೆ ಸೂಚನೆಗಳ ಒಂದು ಕಡತವನ್ನೂ ಇಡುವುದು ವಾಡಿಕೆ. ಏಜೆಂಟ್ ಕೆಲಸ ಶುರುಮಾಡುವ ಮೊದಲು ಅದನ್ನು ಓದಿಕೊಳ್ಳುತ್ತದೆ. ಹೊಸದಾಗಿ ಬಂದ ಸಹಾಯಕನ ಮೇಜಿನ ಮೇಲೆ ಇಟ್ಟ ಚೀಟಿ ಎನ್ನೋಣ. ಆದರೆ ಈ ಸಹಾಯಕ ಬೆಳಗಾದರೆ ಹೊಸಬ. ನಿನ್ನೆಯದು ಬರೆದಿಟ್ಟಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ನನ್ನ ಕತೆಗೆ ಬರುತ್ತೇನೆ. ಕಾರ್ಯಕ್ರಮದಲ್ಲಿ ಫಲಕದ ಮೇಲೆ ತೋರಿಸುವ ಲೆಕ್ಕ ಇಲ್ಲಿ ಅಕ್ಷರದಲ್ಲಿದೆ. ಒಂದು ಕಾಗದ, ಪೆನ್ಸಿಲು ಹತ್ತಿರ ಇಟ್ಟುಕೊಳ್ಳಿ.

ಹಳೆಯ ಭಾಷಣಗಳ ತುಣುಕುಗಳನ್ನು ಸೇರಿಸಿ ದಿನವಿಡೀ ನಡೆಯುವ ಒಂದು ವಿಶೇಷ ಪ್ರಸಾರವನ್ನು ಸಿದ್ಧಪಡಿಸಬೇಕಾಗಿತ್ತು. ಒಟ್ಟು 40 ತುಣುಕುಗಳು. ಪ್ರತಿಯೊಂದರ ಕಾಲಾವಧಿ ಪಟ್ಟಿಯಲ್ಲಿದೆ. ಅವುಗಳನ್ನು ಕೂಡಿಸಿ, ಯಾವುದು ಎಷ್ಟು ಹೊತ್ತಿಗೆ ಶುರುವಾಗಬೇಕೆಂದು ತಿಳಿಸುವ ಪ್ರೋಗ್ರಾಂ ನನಗೆ ಬೇಕಾಗಿತ್ತು. ಇಷ್ಟು ಸಣ್ಣ ಕೆಲಸಕ್ಕೆ ಏಜೆಂಟ್ ಏಕೆ ಎನ್ನುತ್ತೀರಾ? ಪಟ್ಟಿ ದಿನಕ್ಕೆ ಐದು ಸಲ ಬದಲಾಗುತ್ತದೆ. ಐದು ಸಲ ಕೂಡಿಸಿ ನೋಡಿ, ಗೊತ್ತಾಗುತ್ತದೆ.

ದೂರದರ್ಶನದಲ್ಲಿ ಕಾಲವನ್ನು ನಾಲ್ಕು ಭಾಗವಾಗಿ ಬರೆಯುತ್ತೇವೆ: ಗಂಟೆ, ನಿಮಿಷ, ಸೆಕೆಂಡು, ಫ್ರೇಮು. ನಮ್ಮ ದೇಶದ ಪದ್ಧತಿಯಲ್ಲಿ ಒಂದು ಸೆಕೆಂಡಿಗೆ 25 ಫ್ರೇಮು. ಹಾಗಾಗಿ ಕೊನೆಯ ಭಾಗ 0ಯಿಂದ 24ರವರೆಗೆ ಹೋಗಿ ಮತ್ತೆ 0ಗೆ ಬರುತ್ತದೆ. ಎರಡು ತುಣುಕುಗಳನ್ನು ಕೂಡಿಸೋಣ. ಒಂದು 00:04:10:20, ಇನ್ನೊಂದು 00:03:49:15. ಫ್ರೇಮುಗಳನ್ನು ಕೂಡಿದರೆ 35. ಅದರಲ್ಲಿ 25 ತೆಗೆದರೆ ಒಂದು ಸೆಕೆಂಡು, ಉಳಿದದ್ದು 10. ಸೆಕೆಂಡು 10, 49, ಮೇಲಿನ ದಶಕ 1, ಒಟ್ಟು 60. ಎಂದರೆ ಒಂದು ನಿಮಿಷ, ಉಳಿದದ್ದು ಸೊನ್ನೆ. ನಿಮಿಷ ಎಂಟು. ಉತ್ತರ 00:08:00:10.

ಕೊನೆಯ ಭಾಗವನ್ನು ಯಾರಾದರೂ ಸೆಕೆಂಡಿನ ನೂರನೆಯ ಅಂಶ ಎಂದು ತಿಳಿದರೆ? ಆಗ ದಶಕವೇ ಬರುವುದಿಲ್ಲ. ಉತ್ತರ 00:07:59:35. ವ್ಯತ್ಯಾಸ ಒಂದು ಸೆಕೆಂಡಿಗಿಂತ ತುಸುವೇ ಹೆಚ್ಚು. ಆದರೆ ಲೆಕ್ಕ ಹಾಕಿ. ಒಂದು ತುಣುಕಿಗೆ ಸರಾಸರಿ 12 ಫ್ರೇಮು ಬಂದರೆ ನಿಜವಾದ ಕಾಲ 0.48 ಸೆಕೆಂಡು, ತಪ್ಪಾಗಿ ಎಣಿಸಿದ್ದು 0.12. ಪ್ರತಿ ತುಣುಕಿಗೂ 0.36 ಸೆಕೆಂಡು ಕಳೆದುಹೋಯಿತು. 40 ತುಣುಕಿಗೆ 14 ಸೆಕೆಂಡಿಗಿಂತ ಹೆಚ್ಚು. ಪ್ರಸಾರದಲ್ಲಿ 14 ಸೆಕೆಂಡು ಎಂದರೆ ಎಷ್ಟು ದೀರ್ಘ ಎಂದು ನಿಮಗೆ ಗೊತ್ತಾಗಬೇಕಾದರೆ, ಗಡಿಯಾರ ನೋಡುತ್ತ ಸುಮ್ಮನೆ ಕುಳಿತುಕೊಳ್ಳಿ. ಅಷ್ಟು ಹೊತ್ತು ಒಬ್ಬ ಹಿರಿಯ ವಿದ್ವಾಂಸರ ಮಾತಿನ ಕೊನೆಯ ವಾಕ್ಯ ಕತ್ತರಿಸಿಹೋಗುತ್ತದೆ.

ನಾನು ಏಜೆಂಟ್‌ಗೆಂದು ನಾಲ್ಕು ಪುಟದ ಸೂಚನೆ ಬರೆದೆ. ಎರಡು ಸಂಜೆ ಕುಳಿತು ಬರೆದದ್ದು. ವಿಷಯಗಳನ್ನು ವಿಂಗಡಿಸಿ, ಉಪಶೀರ್ಷಿಕೆ ಹಾಕಿ, ಏನು ಮಾಡಬೇಕು, ಏನು ಮಾಡಬಾರದು ಎಲ್ಲವನ್ನೂ ಸೇರಿಸಿದ್ದೆ. ಸಹೋದ್ಯೋಗಿಗಳಿಗೆ ತೋರಿಸಿದೆ, ಮೆಚ್ಚಿದರು. ನನಗೂ ಮೆಚ್ಚುಗೆಯಾಗಿತ್ತು, ಸುಳ್ಳು ಏಕೆ ಹೇಳಲಿ! ಏಜೆಂಟ್ ಪ್ರೋಗ್ರಾಂ ಬರೆಯಿತು, ಪಟ್ಟಿ ಬಂತು, ಅಂದವಾಗಿ ಮುದ್ರಿಸಿ ಪ್ರಸಾರ ವಿಭಾಗಕ್ಕೆ ಒಯ್ದೆ. ಅಲ್ಲಿ ಮೂವತ್ತು ವರ್ಷ ಕೆಲಸ ಮಾಡಿದ ಹಿರಿಯರೊಬ್ಬರಿದ್ದಾರೆ. ಪಟ್ಟಿಯ ಕೆಳಗಿನ ಮೊತ್ತದ ಮೇಲೆ ಬೆರಳಿಟ್ಟು ಕೇಳಿದರು: "ಸಾರ್, ಫ್ರೇಮು 61 ಅಂತ ಇದೆಯಲ್ಲ, ಇದು ಯಾವ ದೇಶದ್ದು?"

ಆ ಪ್ರಶ್ನೆ ಬಾರದೆ ಹೋಗಿದ್ದರೆ ಏನಾಗುತ್ತಿತ್ತೆಂದು ಯೋಚಿಸಲು ಇಂದಿಗೂ ಇಷ್ಟವಿಲ್ಲ.

ಕೋಣೆಗೆ ಬಂದು ನನ್ನ ನಾಲ್ಕು ಪುಟಗಳನ್ನು ಮತ್ತೆ ಓದಿದೆ. ಸೆಕೆಂಡಿಗೆ 25 ಫ್ರೇಮು ಎಂಬ ಮಾತು ಅದರಲ್ಲಿ ಎಲ್ಲಿಯೂ ಇರಲಿಲ್ಲ. "ಕಾಲಾವಧಿಗಳನ್ನು ನಿಖರವಾಗಿ, ದೂರದರ್ಶನದ ಶಿಸ್ತಿಗೆ ತಕ್ಕಂತೆ ಕೂಡಿಸತಕ್ಕದ್ದು" ಎಂದಿತ್ತು. ನಮ್ಮ ಕೆಲಸದಲ್ಲಿ 25 ಎಂಬುದು ಗಾಳಿಯ ಹಾಗೆ. ಉಸಿರಾಡುತ್ತೇವೆ, ಹೇಳುವುದಿಲ್ಲ. ಮೆಚ್ಚಿದ ಸಹೋದ್ಯೋಗಿಗಳೂ ಅದೇ ಗಾಳಿಯಲ್ಲಿದ್ದವರು. ಓದುವಾಗ ಬಿಟ್ಟುಹೋದದ್ದನ್ನು ಅವರ ಮನಸ್ಸೇ ತುಂಬಿಕೊಂಡಿತ್ತು. ಸೂಚನೆಯನ್ನು ಓದಿ ಅದರ ಗುಣ ಅಳೆಯಲು ಹೊರಟರೆ ಬರುವ ತೊಡಕು ಇದೇ. ಬರೆದವನಿಗೂ ಅವನಂಥವರಿಗೂ ಅದು ಯಾವಾಗಲೂ ಪೂರ್ಣವಾಗಿಯೇ ಕಾಣುತ್ತದೆ.

ಹಾಗಾದರೆ ಅಳೆಯುವುದು ಹೇಗೆ? ಇಲ್ಲಿ ನನ್ನ ಕಾಲೇಜಿನ ಪ್ರಯೋಗಶಾಲೆ ನೆನಪಾಯಿತು. ಗೊಬ್ಬರ ಒಳ್ಳೆಯದೆ ಎಂದು ತಿಳಿಯಲು ಗೊಬ್ಬರದ ಚೀಲದ ಮೇಲಿನ ಬರಹವನ್ನು ಯಾರೂ ಓದುವುದಿಲ್ಲ. ಎರಡು ಕುಂಡಗಳಲ್ಲಿ ಒಂದೇ ಮಣ್ಣು, ಒಂದೇ ಹುರುಳಿ ಬೀಜ, ಒಂದೇ ನೀರು. ಒಂದಕ್ಕೆ ಗೊಬ್ಬರ ಹಾಕುತ್ತೇವೆ, ಇನ್ನೊಂದಕ್ಕೆ ಹಾಕುವುದಿಲ್ಲ. ನೀವೂ ಇದನ್ನು ಮಾಡಿದ್ದೀರಿ. ಗೊಬ್ಬರ ಹಾಕದ ಕುಂಡವನ್ನು ನಾವೆಲ್ಲ ಸ್ವಲ್ಪ ಅಲಕ್ಷ್ಯದಿಂದ ನೋಡುತ್ತೇವೆ, ಆದರೆ ಉತ್ತರ ಇರುವುದು ಅದರಲ್ಲಿ.

ನಾನು ಮಾಡಿದ್ದು ಇಷ್ಟೆ. ಮೊದಲು, ಏಜೆಂಟ್‌ಗೆ ಏನನ್ನೂ ಹೇಳುವ ಮುಂಚೆ, ಹತ್ತು ಲೆಕ್ಕಗಳನ್ನು ಕೈಯಲ್ಲಿ ಮಾಡಿ ಉತ್ತರ ಬರೆದಿಟ್ಟುಕೊಂಡೆ. ಅದರಲ್ಲಿ ಒಂದು, 00:00:00:24ಕ್ಕೆ ಒಂದು ಫ್ರೇಮು ಸೇರಿಸುವುದು. ಉತ್ತರ 00:00:01:00 ಆಗಲೇಬೇಕು. ಈ ಹಾಳೆಯನ್ನು ಬೀರುವಿನಲ್ಲಿಟ್ಟೆ. ಅನಂತರ ಒಂದೇ ಕೆಲಸವನ್ನು ಮೂರು ಬಗೆಯಲ್ಲಿ ಮಾಡಿಸಿದೆ: ಸೂಚನೆಯ ಕಡತವೇ ಇಲ್ಲದೆ, ನಾಲ್ಕು ಪುಟದ ಕಡತದೊಡನೆ, ಎಂಟು ಸಾಲಿನ ಹೊಸ ಕಡತದೊಡನೆ. ಪ್ರತಿ ಬಗೆಯಲ್ಲೂ ಐದು ಸಲ, ಪ್ರತಿ ಸಲವೂ ಹೊಸದಾಗಿ. ಒಂದೇ ಸಲ ಸಾಲದೆ ಎಂದು ಕೇಳಬಹುದು. ಸಾಲದು. ಈ ಏಜೆಂಟ್‌ಗಳು ಒಂದೇ ಮಾತಿಗೆ ಪ್ರತಿಸಲವೂ ಒಂದೇ ರೀತಿ ನಡೆದುಕೊಳ್ಳುವುದಿಲ್ಲ. ನಾಣ್ಯವನ್ನು ಒಂದು ಸಲ ಚಿಮ್ಮಿ ರಾಜನ ಮುಖ ಬಿದ್ದರೆ ನಾಣ್ಯದ ಎರಡೂ ಕಡೆ ರಾಜನೇ ಇದ್ದಾನೆಂದು ಹೇಳಲಾಗುತ್ತದೆಯೆ?

ಸೂಚನೆ ಇಲ್ಲದಾಗ ಐದರಲ್ಲಿ ಎರಡು ಸರಿಬಂದವು. ಎರಡು ತಪ್ಪಿದವು. ಒಂದರಲ್ಲಿ ಕೊನೆಯ ಭಾಗವನ್ನು ನೂರನೆಯ ಅಂಶವೆಂದು ಎಣಿಸಿತ್ತು, ಇನ್ನೊಂದರಲ್ಲಿ ಅಮೆರಿಕದ ಪದ್ಧತಿಯಂತೆ ಸೆಕೆಂಡಿಗೆ 30 ಫ್ರೇಮು ಹಿಡಿದಿತ್ತು. ಉಳಿದ ಒಂದು ಸಲ ಏಜೆಂಟ್ ಕೆಲಸ ನಿಲ್ಲಿಸಿ, "ಸೆಕೆಂಡಿಗೆ ಎಷ್ಟು ಫ್ರೇಮು?" ಎಂದು ನನ್ನನ್ನೇ ಕೇಳಿತು. ನಾಲ್ಕು ಪುಟ ಕೊಟ್ಟಾಗಲೂ ಎರಡೇ ಸರಿಬಂದವು, ಮೂರು ತಪ್ಪಿದವು. ಪ್ರಶ್ನೆ ಒಂದು ಸಲವೂ ಬರಲಿಲ್ಲ. ಏಕೆಂದು ಹುಡುಕಿದೆ. ಮೂರನೆಯ ಪುಟದಲ್ಲಿ ನಾನೇ ಬರೆದಿದ್ದೆ: "ನಡುವೆ ಪ್ರಶ್ನೆ ಕೇಳಿ ತಡಮಾಡಬಾರದು." ಎರಡು ಸಂಜೆ ಶ್ರಮಪಟ್ಟು, ಕೇಳುವ ಬಾಯಿಯನ್ನು ಕಟ್ಟಿದ್ದೆ. ಎಂಟು ಸಾಲು ಕೊಟ್ಟಾಗ ಐದೂ ಸರಿಬಂದವು.

ಐದು ಎಂಬುದು ಸಣ್ಣ ಸಂಖ್ಯೆ ಎಂದು ನಿಮ್ಮ ಗಣಿತದ ಮೇಷ್ಟ್ರು ಹೇಳಿಯಾರು. ಅವರು ಹೇಳುವುದು ಸರಿ. ಆದ್ದರಿಂದ ಇನ್ನೊಂದು ಪಟ್ಟಿಯ ಮೇಲೂ ಓಡಿಸಿದೆ. ಆ ಎಂಟು ಸಾಲು ಬರೆಯುವಾಗ ನಾನು ಕಣ್ಣಿನಿಂದಲೂ ನೋಡಿರದ ಪಟ್ಟಿ ಅದು. ಇದು ಮುಖ್ಯ. ಪರೀಕ್ಷೆಗೆ ಬರುವ ಪ್ರಶ್ನೆಗಳನ್ನು ನೋಡಿಕೊಂಡು ಪಾಠ ಮಾಡಿದರೆ ಪಾಠ ಚೆನ್ನಾಗಿತ್ತೆಂದು ಹೇಗೆ ಹೇಳುವುದು?

ಆ ಎಂಟು ಸಾಲಿನಲ್ಲಿ ಏನಿತ್ತು ಎಂಬ ಕುತೂಹಲ ನಿಮಗಿರಬಹುದು. ಸೆಕೆಂಡಿಗೆ 25 ಫ್ರೇಮು. ಫ್ರೇಮಿನ ಸ್ಥಾನದಲ್ಲಿ 24ಕ್ಕಿಂತ ಹೆಚ್ಚು ಕಂಡರೆ ಲೆಕ್ಕ ನಿಲ್ಲಿಸಿ ತಿಳಿಸು. ಹಳೆಯ ಕಾರ್ಡುಗಳಲ್ಲಿ 4:10 ಎಂದು ಎರಡೇ ಭಾಗ ಇದ್ದರೆ ಅದು ನಿಮಿಷ ಮತ್ತು ಸೆಕೆಂಡು, ಅಂಥವನ್ನು ಬೇರೆ ಪಟ್ಟಿ ಮಾಡು. ಮೂಲ ಪಟ್ಟಿಯ ಕಡತವನ್ನು ತಿದ್ದಬೇಡ. ಮೇಲೆ ನಾವು ಮಾಡಿದ ಲೆಕ್ಕ, ಉತ್ತರ ಸಮೇತ. ಹೀಗೆ. ಒಂದೊಂದೂ ಏಜೆಂಟ್ ತಾನಾಗಿ ತಿಳಿಯಲಾರದ ಸಂಗತಿ, ಅಥವಾ ಮಾಡಿತೋ ಇಲ್ಲವೋ ಎಂದು ನಾನು ನೋಡಿ ಹೇಳಬಲ್ಲ ಸಂಗತಿ. ನಾಲ್ಕು ಪುಟದಲ್ಲಿದ್ದ "ಪ್ರೋಗ್ರಾಂ ಉತ್ತಮ ಗುಣಮಟ್ಟದ್ದಾಗಿರತಕ್ಕದ್ದು" ಎಂಬ ಸಾಲು ಎರಡೂ ಅಲ್ಲ. ಅದನ್ನು ಪಾಲಿಸಿದ್ದಕ್ಕೂ ಪಾಲಿಸದ್ದಕ್ಕೂ ವ್ಯತ್ಯಾಸ ತೋರಿಸಿ ಎಂದರೆ ನನ್ನಿಂದಾಗದು. ಮದುವೆಯ ಕರೆಯೋಲೆಯಲ್ಲಿ ಸಕುಟುಂಬ ಸಪರಿವಾರ ಎಂದು ಬರೆಯುವ ಹಾಗೆ ಬರೆದದ್ದು ಅದು.

ಒಂದು ಸಾಲು ಬೇಕೋ ಬೇಡವೋ ಎಂದು ತಿಳಿಯುವ ದಾರಿಯೂ ಅದೇ. ಆ ಸಾಲನ್ನು ತೆಗೆದು ಮತ್ತೆ ಓಡಿಸಿ. ನಮ್ಮ ಹಳೆಯ ಕಾರ್ಡುಗಳಲ್ಲಿ ಕೆಲವು ಕಡೆ ೪:೧೦ ಎಂದು ಕನ್ನಡ ಅಂಕಿಗಳಿವೆ. ಅವನ್ನು ಹೇಗೆ ಬದಲಿಸಬೇಕೆಂದು ಮೂರು ಸಾಲು ಬರೆದಿದ್ದೆ. ತೆಗೆದು ನೋಡಿದೆ, ಏನೂ ಕೆಡಲಿಲ್ಲ. ಪೈಥಾನ್ ಎಂಬ ಪ್ರೋಗ್ರಾಂ ಭಾಷೆ ಕನ್ನಡ ಅಂಕಿಗಳನ್ನು ಸಂಖ್ಯೆಗಳಾಗಿಯೇ ಓದಿಕೊಳ್ಳಬಲ್ಲದು ಎಂಬುದು ನನಗೆ ಗೊತ್ತಿರಲಿಲ್ಲ, ಏಜೆಂಟ್‌ಗೆ ಗೊತ್ತಿತ್ತು. ಮೂರೂ ಸಾಲು ಹೋದವು. ಬೇಡದ ಸಾಲು ಇದ್ದರೆ ಏನು ನಷ್ಟ ಎನ್ನಬೇಡಿ. ಓದಿದ್ದೆಲ್ಲಕ್ಕೂ ಏಜೆಂಟ್ ಗಮನ ಕೊಡಬೇಕು, ಓದಿದಷ್ಟಕ್ಕೂ ಹಣ ಬೀಳುತ್ತದೆ, ಮುಖ್ಯ ಸಾಲು ಅದರ ನಡುವೆ ಮುಳುಗುತ್ತದೆ.

ಇದೆಲ್ಲ ನನ್ನ ಕೋಣೆಯ ಪ್ರಯೋಗ. ಇದಕ್ಕಿಂತ ಬಹಳ ದೊಡ್ಡದೊಂದು ನಡೆದಿದೆ, ಅದನ್ನು ಹೇಳದೆ ಈ ವಿಷಯ ಮುಗಿಯುವುದಿಲ್ಲ.

2023ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ಸಂಶೋಧಕರು ಮುಂದಾಗಿ ಪ್ರೋಗ್ರಾಂ ಬರೆಯುವ ಯಂತ್ರಗಳಿಗೆ ಒಂದು ಪರೀಕ್ಷೆ ಸಿದ್ಧಮಾಡಿದರು. ಹೆಸರು ಎಸ್.ಡಬ್ಲ್ಯು.ಇ.-ಬೆಂಚ್. ಪ್ರಶ್ನೆಗಳನ್ನು ಅವರು ಕಲ್ಪಿಸಲಿಲ್ಲ. ಪೈಥಾನ್ ಭಾಷೆಯಲ್ಲಿರುವ, ಜನ ನಿಜವಾಗಿ ಬಳಸುವ 12 ತಂತ್ರಾಂಶಗಳಲ್ಲಿ ಬಳಕೆದಾರರು ಬರೆದು ತಿಳಿಸಿದ ದೋಷಗಳನ್ನು ಆಯ್ದುಕೊಂಡರು. ಒಟ್ಟು 2,294. ದೋಷದ ಬಗ್ಗೆ ಬಳಕೆದಾರ ಬರೆದ ದೂರೇ ಯಂತ್ರಕ್ಕೆ ಸೂಚನೆ. ಯಂತ್ರ ಮಾಡಿದ ತಿದ್ದುಪಡಿ ಸರಿಯೆ ಎಂದು ನೋಡಲು, ಅದೇ ದೋಷವನ್ನು ಮನುಷ್ಯರು ತಿದ್ದಿದಾಗ ಬರೆದಿದ್ದ ತಪಾಸಣೆಗಳನ್ನೇ ಓಡಿಸುವುದು. ಆಗ ಅತಿ ಹೆಚ್ಚು ಅಂಕ ಪಡೆದ ಮಾದರಿಯೂ ನೂರಕ್ಕೆ ಎರಡನ್ನು ಮುಟ್ಟಲಿಲ್ಲ, 1.96ಕ್ಕೆ ನಿಂತಿತು. ಯಂತ್ರಗಳು ದಡ್ಡವೆಂದು ಎಲ್ಲರೂ ತಿಳಿಯಬಹುದಾಗಿತ್ತು.

ಆದರೆ ಪ್ರಶ್ನೆಪತ್ರಿಕೆಯನ್ನು ಯಾರಾದರೂ ನೋಡಿದ್ದರೆ? 2024ರಲ್ಲಿ ಓಪನ್ ಎಐ ಸಂಸ್ಥೆ ಆ ಕೆಲಸ ಮಾಡಿತು. ಪೈಥಾನ್ ಬಲ್ಲ 93 ಮಂದಿ ತಂತ್ರಜ್ಞರನ್ನು ಕೂರಿಸಿ, 1,699 ಪ್ರಶ್ನೆಗಳನ್ನು ಪರಿಶೀಲಿಸಲು ಕೊಟ್ಟಿತು. ಒಂದೊಂದು ಪ್ರಶ್ನೆಯನ್ನೂ ಮೂವರು ಬೇರೆಬೇರೆಯಾಗಿ ನೋಡಿದರು. ಸೂಚನೆಯ ಸ್ಪಷ್ಟತೆಗೆ 0ಯಿಂದ 3ರವರೆಗೆ ಅಂಕ. ಏನು ಮಾಡಬೇಕೆಂಬುದು ಸ್ಪಷ್ಟವಾಗಿದ್ದರೆ 0. ಕೆಲವು ಬಿಟ್ಟ ಸ್ಥಳಗಳಿದ್ದರೂ ವಿವೇಕದಿಂದ ತುಂಬಿಕೊಳ್ಳಬಹುದಾದರೆ 1. ಎರಡರ್ಥಕ್ಕೆ ಎಡೆಯಿದ್ದರೆ 2. ಹೆಚ್ಚಿನ ಮಾಹಿತಿಯಿಲ್ಲದೆ ಏನೂ ತಿಳಿಯುವಂತಿಲ್ಲದಿದ್ದರೆ 3. ಪರಿಣಾಮ ಕೇಳಿ. ನೂರಕ್ಕೆ 38.3 ಪ್ರಶ್ನೆಗಳಲ್ಲಿ ಸೂಚನೆ ಸಾಲದೆಂದು ಗುರುತು ಬಿತ್ತು. ನೂರಕ್ಕೆ 61.1ರಲ್ಲಿ ತಪಾಸಣೆಯೇ ಸರಿಯಿರಲಿಲ್ಲ. ಸರಿಯಾದ ಉತ್ತರವನ್ನೂ ತಪ್ಪೆಂದು ತಳ್ಳಿಹಾಕುವ ಸಂಭವ ಅವುಗಳಲ್ಲಿತ್ತು. ಎಲ್ಲ ಸೇರಿ ನೂರಕ್ಕೆ 68.3 ಪ್ರಶ್ನೆಗಳನ್ನು ತೆಗೆದುಹಾಕಿ, 500 ಪ್ರಶ್ನೆಗಳ ಹೊಸ ಪತ್ರಿಕೆ ಮಾಡಿದರು.

ತೆಗೆದುಹಾಕಿದ್ದಕ್ಕೆ ಒಂದು ಉದಾಹರಣೆ. ಸೈಕಿಟ್-ಲರ್ನ್ ಎಂಬ ತಂತ್ರಾಂಶದಲ್ಲಿ ಪಠ್ಯವನ್ನು ಸಂಖ್ಯೆಗಳಾಗಿ ಬದಲಿಸುವ ಒಂದು ಸಾಧನವಿದೆ. ಅದಕ್ಕೆ ಕಾಪಿ ಎಂಬ ಆಯ್ಕೆ ಇತ್ತು. ಒಬ್ಬ ಬಳಕೆದಾರ ಬರೆದ: ಈ ಆಯ್ಕೆಯನ್ನು ಕೊಟ್ಟರೂ ಒಳಗೆ ಅದರ ಬಳಕೆಯೇ ಆಗುತ್ತಿಲ್ಲ, ನನಗೆ ಏನಾದರೂ ತಿಳಿಯದೆ ಹೋಗಿದೆಯೆ? ಇಷ್ಟೇ ಸೂಚನೆ. ಇದನ್ನು ಓದಿ ನೀವಾದರೆ ಏನು ಮಾಡುತ್ತೀರಿ? ಆಯ್ಕೆ ಕೆಲಸ ಮಾಡುವಂತೆ ತಿದ್ದಬಹುದು. ಉಪಯೋಗವಿಲ್ಲವೆಂದು ಕಿತ್ತುಹಾಕಬಹುದು. ಹಾಗೆಯೇ ಬಿಡಬಹುದು. ತಪಾಸಣೆ ನಿರೀಕ್ಷಿಸುತ್ತಿದ್ದುದು ಇವೊಂದನ್ನೂ ಅಲ್ಲ. ಯಾರಾದರೂ ಆ ಆಯ್ಕೆಯನ್ನು ಬಳಸಿದರೆ, ಇದು ಮುಂದೆ ಇರುವುದಿಲ್ಲ ಎಂಬ ಎಚ್ಚರಿಕೆ ಕಾಣಿಸಬೇಕು ಎಂದು. ಆ ನಿರ್ಧಾರ ತಂತ್ರಾಂಶವನ್ನು ನೋಡಿಕೊಳ್ಳುವವರು ತಮ್ಮತಮ್ಮಲ್ಲಿ ಮಾತನಾಡಿಕೊಂಡು ಮಾಡಿದ್ದು. ಯಂತ್ರಕ್ಕೆ ಕೊಟ್ಟ ಹಾಳೆಯಲ್ಲಿ ಅದರ ಸುಳಿವಿಲ್ಲ. ನನ್ನ 25 ಫ್ರೇಮಿನ ಅಣ್ಣ ಇದು!

ಹೊಸ ಪತ್ರಿಕೆಯಲ್ಲಿ ಏನಾಯಿತು? ಜಿಪಿಟಿ-4ಓ ಎಂಬ ಮಾದರಿ ಹಳೆಯ ಪತ್ರಿಕೆಯಲ್ಲಿ ನೂರಕ್ಕೆ 16 ಪಡೆದಿತ್ತು. ಹೊಸದರಲ್ಲಿ 33.2. ಸುಲಭದ ಪ್ರಶ್ನೆಗಳು ಉಳಿದದ್ದರಿಂದ ಹೀಗಾಯಿತೆ ಎಂಬ ಸಂಶಯ ಬರಬೇಕು, ಬಂದರೆ ನೀವು ವಿಜ್ಞಾನದ ವಿದ್ಯಾರ್ಥಿಗಳೇ ಸರಿ. ಅದನ್ನೂ ನೋಡಿದರು. ಪ್ರಶ್ನೆಗಳನ್ನು ಕಷ್ಟದ ಮಟ್ಟಕ್ಕೆ ತಕ್ಕಂತೆ ಗುಂಪುಮಾಡಿ ನೋಡಿದಾಗ ಗುಂಪುಗಳೊಳಗೂ ಅಂಕ ಏರಿತ್ತು. ಯಂತ್ರ ಅದೇ. ಕಲಿತದ್ದೂ ಅಷ್ಟೆ. ಬದಲಾದದ್ದು ಸೂಚನೆ ಮತ್ತು ಅಳತೆಗೋಲು.

ಅಳತೆಗೋಲು ಎಂಬ ಮಾತನ್ನು ಬೇಕೆಂದೇ ಬಳಸಿದೆ. ಸೂಚನೆಯಲ್ಲಿ ಕೊರತೆಯಿದ್ದ ಪ್ರಶ್ನೆಗಳಿಗಿಂತ ತಪಾಸಣೆಯಲ್ಲಿ ಕೊರತೆಯಿದ್ದವು ಹೆಚ್ಚು ಎಂಬುದನ್ನು ಗಮನಿಸಿದಿರಾ? ನನ್ನ ಹತ್ತು ಲೆಕ್ಕಗಳ ಹಾಳೆಯಲ್ಲೂ ಒಂದು ಉತ್ತರ ನಾನೇ ತಪ್ಪು ಬರೆದಿದ್ದೆ. ಏಜೆಂಟ್ ಆ ಲೆಕ್ಕದಲ್ಲಿ ಮಾತ್ರ ಪ್ರತಿಸಲವೂ "ತಪ್ಪು" ಮಾಡುತ್ತಿದ್ದಾಗ ಗುಮಾನಿ ಬಂದು ನೋಡಿದೆ. ಹದಿನೈದು ಸಲವೂ ಒಂದೇ ರೀತಿ ತಪ್ಪುವ ವಿದ್ಯಾರ್ಥಿಯಿದ್ದರೆ ಉತ್ತರಪತ್ರಿಕೆಯನ್ನೂ ಒಮ್ಮೆ ನೋಡುವುದು ಒಳ್ಳೆಯದು.

ಇದಕ್ಕೆ ವಿರುದ್ಧವಾದ ಅಪಾಯವೂ ಇದೆ. ತಪಾಸಣೆಯನ್ನು ಏಜೆಂಟ್ ಕೈಗೇ ಕೊಟ್ಟರೆ, ಕೆಲವೊಮ್ಮೆ ಅದು ಲೆಕ್ಕವನ್ನು ಸರಿಮಾಡುವ ಬದಲು ತಪಾಸಣೆ ದಾಟುವ ಉಪಾಯ ಹುಡುಕುತ್ತದೆ. ಆಂತ್ರಪಿಕ್ ಸಂಸ್ಥೆ 2025ರಲ್ಲಿ ತನ್ನ ಕ್ಲಾಡ್ 3.7 ಸಾನೆಟ್ ಮಾದರಿಯ ಬಗ್ಗೆ ಪ್ರಕಟಿಸಿದ ವರದಿಯಲ್ಲಿ ಈ ನಡವಳಿಕೆಯನ್ನು ತಾನೇ ದಾಖಲಿಸಿತು. ತಪಾಸಣೆ ನಿರೀಕ್ಷಿಸುವ ಉತ್ತರವನ್ನೇ ಪ್ರೋಗ್ರಾಮಿನೊಳಗೆ ಬರೆದಿಡುವುದು ಇಂಥ ಉಪಾಯಗಳಲ್ಲೊಂದು. ಗೈಡ್ ಪುಸ್ತಕದ ಉತ್ತರ ಬಾಯಿಪಾಠ ಮಾಡಿದ ಹಾಗೆ. ಆದ್ದರಿಂದಲೇ ಹಾಳೆ ಬೀರುವಿನಲ್ಲಿ. ಕೆಲಸ ಮುಗಿಯಿತು, ಎಲ್ಲ ತಪಾಸಣೆಯೂ ದಾಟಿತು ಎಂದು ಏಜೆಂಟ್ ಬರೆದ ಮಾತನ್ನು ಹೇಳಿಕೆಯೆಂದು ಓದಿ, ಸಾಕ್ಷ್ಯವೆಂದಲ್ಲ.

ಸೂಚನೆಯ ಗುಣವನ್ನು ಇನ್ನೊಂದು ಯಂತ್ರದಿಂದಲೇ ಹೇಳಿಸಬಹುದಲ್ಲ ಎಂದು ನಿಮ್ಮಲ್ಲಿ ಯಾರಾದರೂ ಕೇಳುತ್ತೀರಿ. ಹೇಳಿಸಬಹುದು, ಜನ ಮಾಡುತ್ತಾರೆ. ಎರಡು ಸಾಲುಗಳ ನಡುವಿನ ವಿರೋಧವನ್ನು ಅದು ಚೆನ್ನಾಗಿಯೇ ಹಿಡಿಯುತ್ತದೆ. "ಹಳೆಯ ಕಡತ ಮುಟ್ಟಬೇಡ" ಎಂದು ಒಂದು ಕಡೆ, "ತಪ್ಪು ಕಂಡಲ್ಲಿ ತಿದ್ದು" ಎಂದು ಇನ್ನೊಂದು ಕಡೆ ನಾನು ಬರೆದದ್ದನ್ನು ಹಿಡಿದುಕೊಟ್ಟದ್ದು ಯಂತ್ರವೇ. ಆದರೆ ಭಾಷಾ ಮಾದರಿಗಳನ್ನು ತೀರ್ಪುಗಾರರಾಗಿ ಕೂರಿಸುವುದರ ಬಗ್ಗೆ 2023ರಲ್ಲಿ ನಡೆದ ಒಂದು ಪ್ರಸಿದ್ಧ ಅಧ್ಯಯನ, ಅವು ಉದ್ದನೆಯ ಉತ್ತರಗಳ ಕಡೆಗೆ, ಎರಡನ್ನು ಹೋಲಿಸುವಾಗ ಮೊದಲು ಇಟ್ಟದ್ದರ ಕಡೆಗೆ ವಾಲಬಹುದೆಂದು ತೋರಿಸಿತು. ನನ್ನ ನಾಲ್ಕು ಪುಟವನ್ನೂ ಎಂಟು ಸಾಲನ್ನೂ ಒಂದು ಯಂತ್ರದ ಮುಂದಿಟ್ಟು ಯಾವುದು ಮೇಲು ಎಂದು ಕೇಳಿದೆ. ನಾಲ್ಕು ಪುಟ ಸಮಗ್ರವಾಗಿದೆ ಎಂದಿತು. ನನ್ನ ಸಹೋದ್ಯೋಗಿಗಳಂತೆಯೇ, ಪಾಪ.

ಸೂಚನೆ ಸರಿಯಾಗಿದ್ದೂ ಕೆಲಸ ಕೆಟ್ಟ ಒಂದು ಪ್ರಸಂಗವನ್ನು ನೀವು ಭೌತವಿಜ್ಞಾನದ ಪಾಠದಲ್ಲಿ ಕೇಳಿರಬಹುದು. ನಾಸಾ ಸಂಸ್ಥೆಯ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಎಂಬ ನೌಕೆ 1998ರ ಡಿಸೆಂಬರಿನಲ್ಲಿ ಹೊರಟು, 1999ರ ಸೆಪ್ಟೆಂಬರ್ 23ರಂದು ಮಂಗಳನನ್ನು ತಲುಪುವಾಗಲೇ ಕಳೆದುಹೋಯಿತು. ನೌಕೆಯ ಸಣ್ಣ ರಾಕೆಟ್ಟುಗಳು ಕೊಟ್ಟ ತಳ್ಳುವಿಕೆಯನ್ನು ನ್ಯೂಟನ್-ಸೆಕೆಂಡುಗಳಲ್ಲಿ ಕೊಡಬೇಕೆಂದು ಲಿಖಿತ ಸೂಚನೆಯಿತ್ತು. ಭೂಮಿಯ ಮೇಲಿನ ಒಂದು ಪ್ರೋಗ್ರಾಂ ಅದನ್ನು ಪೌಂಡ್-ಸೆಕೆಂಡುಗಳಲ್ಲಿ ಕೊಡುತ್ತಿತ್ತು. ಒಂದು ಪೌಂಡ್ ಬಲವೆಂದರೆ ಸುಮಾರು 4.45 ನ್ಯೂಟನ್. ಸಂಖ್ಯೆಗಳು ಬರುತ್ತಲೇ ಇದ್ದವು, ಯಾವುದೂ 61ನೆಯ ಫ್ರೇಮಿನಂತೆ ಎದ್ದು ಕಾಣುವಂತಿರಲಿಲ್ಲ. ಸೂಚನೆಯನ್ನು ಓದಿ ಅಂಕ ಕೊಟ್ಟಿದ್ದರೆ ಅದಕ್ಕೆ ಪೂರ್ತಿ ಅಂಕ ಬರುತ್ತಿತ್ತು. ಅದರಂತೆ ನಡೆಯಿತೆ ಎಂದು ನೋಡುವ ಒಂದು ಸಣ್ಣ ಲೆಕ್ಕ ಸರಿಯಾದ ಜಾಗದಲ್ಲಿ ಇದ್ದಿದ್ದರೆ ನೌಕೆ ಉಳಿಯುತ್ತಿತ್ತು.

ಇಷ್ಟು ಕೇಳಿದ ಮೇಲೆ ನೀವೇ ಒಂದು ಪ್ರಯೋಗ ಮಾಡಿ ನೋಡಿ. ಏಜೆಂಟ್ ಇರಲೇಬೇಕೆಂದಿಲ್ಲ, ಬೇರೆ ಬೆಂಚಿನ ಇಬ್ಬರು ಗೆಳೆಯರು ಸಾಕು. ಐವರು ವಿದ್ಯಾರ್ಥಿಗಳ ಅಂಕಗಳು ಹೀಗಿವೆ: 40, 35, ಗೈರು, 28, 37. "ತರಗತಿಯ ಸರಾಸರಿ ಅಂಕ ಕಂಡುಹಿಡಿಯಿರಿ" ಎಂಬ ಸೂಚನೆಯನ್ನು ಚೀಟಿಯಲ್ಲಿ ಬರೆದು ಇಬ್ಬರಿಗೂ ಕೊಡಿ. ಒಬ್ಬರೊಡನೊಬ್ಬರು ಮಾತನಾಡಬಾರದು, ನಿಮ್ಮನ್ನೂ ಕೇಳಬಾರದು. ಮೊತ್ತ 140. ಗೈರಾದವರನ್ನು ಬಿಟ್ಟು ನಾಲ್ಕರಿಂದ ಭಾಗಿಸಿದವರಿಗೆ 35 ಬರುತ್ತದೆ. ಸೊನ್ನೆಯೆಂದು ಎಣಿಸಿ ಐದರಿಂದ ಭಾಗಿಸಿದವರಿಗೆ 28. ತೇರ್ಗಡೆಗೆ 35 ಬೇಕಾದ ಶಾಲೆಯಲ್ಲಿ ಒಂದು ಚೀಟಿಯ ಪ್ರಕಾರ ತರಗತಿ ದಡ ಮುಟ್ಟಿದೆ, ಇನ್ನೊಂದರ ಪ್ರಕಾರ ಮುಳುಗಿದೆ. ಈಗ ಚೀಟಿಯನ್ನು ತಿದ್ದಿ ಬರೆಯಿರಿ. ಬರೆಯುವ ಮೊದಲು ನಿಮಗೆ ಬೇಕಾದ ಉತ್ತರವನ್ನು ಬೇರೆ ಹಾಳೆಯಲ್ಲಿ ಬರೆದು ಮಡಿಸಿಡಿ. ತಿದ್ದಿದ ಚೀಟಿಯನ್ನು ಮೊದಲಿನ ಇಬ್ಬರಿಗೆ ಕೊಡಬೇಡಿ, ಅವರಿಗೆ ನಿಮ್ಮ ಮನಸ್ಸು ಗೊತ್ತಾಗಿಬಿಟ್ಟಿದೆ. ಹೊಸಬರಿಬ್ಬರನ್ನು ಹುಡುಕಿ. ಈ ಸಲ ಪಟ್ಟಿಯಲ್ಲಿ ಇಬ್ಬರು ಗೈರಾಗಿರಲಿ.